ಶೀಲಾಳ ತಪ್ಪುಗಳು

ಮೊದಲ ದಿನವೇ ನಾನು ಬಾಯಿ ತಪ್ಪಿ ಆಡಿದೆ.

ಹೆಡ್‌ಫೋನಿನಲ್ಲಿ ಗಾಳಿಯ ಸದ್ದಿನ ನಡುವೆ ಒಬ್ಬ ಹೆಂಗಸು ಲಂಬಾಣಿ ಮಾತಾಡಲು ಹೋಗಿ ತಡವರಿಸಿ, ತನ್ನ ತಪ್ಪಿಗೆ ತಾನೇ ಕಿಲಕಿಲ ನಗುತ್ತಿದ್ದಳು. ನನಗೂ ನಗು ಬಂತು. "ಯಾರ್ರೀ ಈಕಿ? ಒಂದ್ಸಲ ಭೆಟ್ಟಿ ಮಾಡಸ್ರಿ, ಇಬ್ರೂ ಕೂಡಿ ನಿಮ್ಮ ತಲಿ ತಿಂತೀವಿ" ಎಂದೆ.

ಲೋಹಿತ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ನನ್ನ ಹೆಂಡ್ತಿ ಶೀಲಾ. ತೀರ್ಕೊಂಡು ಎರಡು ವರ್ಷ ಆತ್ರಿ."

ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು.

ನಾನು ಹಾನಗಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಹಂಸಭಾವಿಯ ಲೋಹಿತ ನಮ್ಮೂರಲ್ಲೊಂದು ಕೋಣೆ ಹಿಡಿದು, ಸುತ್ತಲಿನ ನಾಲ್ಕು ತಾಲೂಕಿನ ಜನ ಒಬ್ಬರ ಭಾಷೆಯನ್ನು ಒಬ್ಬರು ಹೇಗೆ ಕಲಿಯುತ್ತಾರೆಂದು ಡಾಕ್ಯುಮೆಂಟರಿ ಮಾಡುತ್ತಿದ್ದ. ಸವಣೂರಿನ ಉರ್ದು ಭಾಗ ಮುಗಿದಿತ್ತು. ಉಳಿದದ್ದು, ಶಿಗ್ಗಾಂವಿ ಕಡೆಯ ತಾಂಡಾದಲ್ಲಿ ಸೋಮ್ಲಿಬಾಯಿ ಎಂಬ ಮುದುಕಿಯಿಂದ ಶೀಲಾ ಲಂಬಾಣಿ ಕಲಿತ ಭಾಗ. ಮುದುಕಿಯ ದನಿ ಸ್ವಚ್ಛವಾಗಿತ್ತು. ಶೀಲಾಳ ಮೈಕಿಗೆ ಮಾತ್ರ ಗಾಳಿ ಬಡಿದು ಅರ್ಧ ಮಾತು ತಿಳಿಯುತ್ತಿರಲಿಲ್ಲ.

ಕನ್ನಡ ಸಬ್‌ಟೈಟಲ್ ಬರೆಯಲು ಹೋದ ನನ್ನನ್ನು ಅವನು ಒಂದು ವಾರದ ಮೇಲೆ ಕೇಳಿದ: "ಶೀಲಾ ಕೇಳಿದ ಪ್ರಶ್ನಿ ಎಲ್ಲಾ ನಿಮ್ಮ ದನಿಯೊಳಗ ಮತ್ತ ರೆಕಾರ್ಡ್ ಮಾಡೂಣೇನ್ರಿ? ಆದ್ರ ತಪ್ಪು ಹಂಗ ಇರ್ಬೇಕು. ಆ ತಪ್ಪಿಗೇ ಅಜ್ಜಿ ನಕ್ಕೋತ ತಿದ್ಯಾಳ."

"ಜನ್ಮಾ ಪೂರ್ತಿ ತಪ್ಪು ತಿದ್ದಿದಾಕಿ ನಾನು. ಈಗ ತಪ್ಪು ಕಲೀಲಿಕ್ಕೆ ನಿಮ್ಮ ಹತ್ರ ಟ್ಯೂಷನ್ನಿಗೆ ಬರ್ಬೇಕೇನು?"

"ದಿನಾ ಸಂಜಿಮುಂದ ಬರ್ರಿ. ಚಹಾ ನಂದು."

ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಅವತ್ತೇ ಗೊತ್ತಾಯಿತು. ಗೊತ್ತಾಗಬಾರದಿತ್ತು.

ಒಂದು ತಿಂಗಳು ಹೋದೆ. ಶೀಲಾ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಮಾತು ಮರೆತು "ಅಯ್ಯ" ಎನ್ನುತ್ತಾಳೆ, ಎಲ್ಲಿ ನಗುತ್ತಾಳೆ, ಎಲ್ಲವೂ ಬಾಯಿಪಾಠವಾಯಿತು. ನಾನು ಸರಿಯಾಗಿ ತಪ್ಪಿದಾಗಲೆಲ್ಲ ಲೋಹಿತ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದ ಆ ಮುಖ ಎಷ್ಟು ಚೆಂದವಿತ್ತೆಂದರೆ, ಅದನ್ನು ನೋಡಲೆಂದೇ ಮತ್ತೆ ಮತ್ತೆ ತಪ್ಪುತ್ತಿದ್ದೆ.

ಆದರೆ ಕಣ್ಣು ಮುಚ್ಚಿ ಅವನು ನೋಡುತ್ತಿದ್ದದ್ದು ನನ್ನನ್ನಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಸತ್ತವಳ ಮೇಲೆ ಹೊಟ್ಟೆಕಿಚ್ಚೇ? ಹೌದು, ಸತ್ತವಳ ಮೇಲೆಯೇ!

ಒಂದು ಮುಂಜಾನೆ ಅಡುಗೆಮನೆಯಲ್ಲಿ ಏನಕ್ಕೋ ನಕ್ಕೆ. ಅವ್ವ ಒಗ್ಗರಣೆಯ ಸೌಟು ಹಿಡಿದವಳು ಹಾಗೇ ನಿಂತಳು. "ವೇದಾ, ಇದು ನಿನ್ನ ನಗಿ ಅಲ್ಲ. ಯಾರದವಾ ಇದು?"

ಮತ್ತೆ ನಗಲು ನೋಡಿದೆ. ನನ್ನ ನಗು ಹೇಗಿತ್ತೆಂಬುದೇ ನೆನಪಾಗಲಿಲ್ಲ.

ರೆಕಾರ್ಡಿಂಗಿಗೆ ಮುಂಚೆ ಒಮ್ಮೆ ಮುದುಕಿಗೆ ಕೇಳಿಸೋಣವೆಂದು ಲೋಹಿತ ನನ್ನನ್ನು ತಾಂಡಾಕ್ಕೆ ಕರೆದೊಯ್ದ. ಸೋಮ್ಲಿಬಾಯಿ ಒಳಗೆ ಸವಣೂರ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವನು ಹೆಡ್‌ಫೋನ್ ಹಾಕಿಕೊಂಡು ಮೈಕ್ ಹಿಡಿದ. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಶೀಲಾಳ ಮೊದಲ ಪ್ರಶ್ನೆ ಕೇಳಿದೆ. ಅದೇ ಉಸಿರು, ಅದೇ ತಪ್ಪು, ಅದೇ ನಗು.

ಒಳಗೆ ಎಲೆಯ ತಾಟು ಬಿತ್ತು. "ಶೀಲಾ!" ಎನ್ನುತ್ತ ಮುದುಕಿ ಬರಿಗಾಲಲ್ಲೇ ಓಡಿಬಂದಳು. ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಾಕವಾ, ಸತ್ತಾಕೀನ ಎಬ್ಬಸಾಕ ಬಂದೀ?" ಎಂದಳು. ನಾನು ಅತ್ತುಬಿಟ್ಟೆ. ಅವಳು ಹತ್ತಿರ ಬಂದು ನನ್ನ ಗದ್ದ ಹಿಡಿದೆತ್ತಿದಳು. "ಆಕಿ ತಪ್ಪು ಆಕಿ ಜೋಡಿ ಹೋದ್ವು. ನಿನಗ ನಿನ್ನವು ಇಲ್ಲೇನು?"

"ಹಂಗಾರ ನನಗೂ ಕಲಸು, ಯಾಡಿ" ಎಂದೆ. ಲಂಬಾಣಿಯಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ. ನೀನು ಕಲಿಸಿದವರಲ್ಲಿ ದಡ್ಡರು ಯಾರೆಂದು ಲಂಬಾಣಿಯಲ್ಲೇ ಕೇಳಲು ಹೋದೆ. ಶೀಲಾ ಎಂದೂ ಕೇಳದ ಪ್ರಶ್ನೆ ಅದು. ಬಾಯಿಗೆ ಬಂದಂತೆ, ಎಲ್ಲ ತಪ್ಪಾಗಿ ಕೇಳಿದೆ. ಮುದುಕಿ ಹೊಟ್ಟೆ ಹಿಡಿದು ನಕ್ಕಳು. "ನೀನ!" ಎಂದಳು. ನನಗೂ ತಡೆಯಲಿಲ್ಲ. ಗೊರಗೊರ ಸದ್ದಿನ, ಚೂರೂ ಚೆಂದವಿಲ್ಲದ ನನ್ನದೇ ನಗು ಹೊರಬಿತ್ತು.

ತಿರುಗಿ ನೋಡಿದರೆ ಲೋಹಿತನ ಕಣ್ಣು ತೆರೆದಿದ್ದವು. ನೀರು ತುಂಬಿದ್ದವು, ಆದರೆ ನನ್ನನ್ನೇ ನೋಡುತ್ತಿದ್ದವು.

ಹೊರಡುವಾಗ ಬೈಕ್ ಸ್ಟಾರ್ಟ್ ಮಾಡದೆ ನಿಂತ. "ಶೀಲಾನ ದನಿ ಗಾಳಿ ಜೋಡಿನ ಇರ್ಲಿ. ತಿಳಿಯಲಾರದ್ದಕ್ಕ ಕೆಳಗ ಅಕ್ಷರ ಹಾಕೂಣು."

"ಮತ್ತ ನನ್ನ ದನಿ? ಎಲ್ಲೂ ಬ್ಯಾಡೇನ್ರಿ?"

"ಸಿನಿಮಾದಾಗ ಬ್ಯಾಡ." ಅವನು ನನ್ನ ಕಡೆ ತಿರುಗಿದ. "ಮನ್ಯಾಗ ಬೇಕು, ವೇದಾ. ಆಕೀನ ಮರೀತೇನಿ ಅಂತ ಸುಳ್ಳು ಹೇಳೂದಿಲ್ಲ. ಆದ್ರ ದಿನಾ ಮುಂಜಾನೆದ್ದು ಆ ಕೆಟ್ಟ ನಗಿ ಕೇಳ್ಬೇಕು ಅನ್ನಸಾಕತ್ತೇತಿ."

"ಕೆಟ್ಟದ್ದೇನ್ರಿ?"

"ಭಾಳ ಕೆಟ್ಟದ್ದು."

ಹೂಂ ಎಂದೆ. ತಾಂಡಾದ ದಿನ್ನೆಯ ಮೇಲಿಂದ ಗಾಳಿ ಭರ್ರನೆ ಬಂದು ನಮ್ಮಿಬ್ಬರ ಕಿವಿ ತುಂಬಿತು. ಇಬ್ಬರೂ ಮಾತು ನಿಲ್ಲಿಸಿ ಅದನ್ನು ಪೂರ್ತಿ ಕೇಳಿಸಿಕೊಂಡೆವು. ಆಮೇಲೆ ಅವನು ಬೈಕ್ ಸ್ಟಾರ್ಟ್ ಮಾಡಿದ, ನಾನು ಅವನ ಭುಜ ಹಿಡಿದು ಹತ್ತಿ ಕುಳಿತೆ.