ಬಿ ಸೈಡ್, ಏಳನೇ ಟ್ರ್ಯಾಕ್

ಟಿಪ್ಪರ್ ರಿವರ್ಸ್ ಬಂತು.

ಬಂತು... ಬಂತು... ನಾನಿದ್ದ ಕ್ಯಾಬಿನ್ನಿನ ಬಾಗಿಲಿಗೆ ಬೆನ್ನು ಒತ್ತಿ ನಿಂತಿತು. ತುಂಬ ಅದಿರು! ಡ್ರೈವರ್ ಇಂಜಿನ್ ಆಫ್ ಮಾಡಿ, ಕೀ ಜೇಬಿಗಿಳಿಸಿ, ಹಿಂದೆ ತಿರುಗಿ ನೋಡದೆ ನಡೆದುಬಿಟ್ಟ.

ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅಂದರೆ ಇನ್ನು ತೆರೆಯುವುದಿಲ್ಲ.

ಉಳಿದದ್ದು ಒಂದೇ ಕಿಟಕಿ. ಡ್ರೈವರುಗಳು ತೂಕದ ಚೀಟಿ ಇಸಿದುಕೊಳ್ಳುವ ಕಿಟಕಿ. ಒಂದು ಕೈ ತೂರುವಷ್ಟು ಅಗಲ. ಅದಕ್ಕೆ ಮೇಲಿಂದ ಕೆಳಗೆ ಬೀಳುವ ಕಬ್ಬಿಣದ ಶಟರ್.

ಆಚೆ ನೆರಳಲ್ಲಿ ಸ್ಟೂಲ್ ಹಾಕಿಕೊಂಡು ತಿಪ್ಪೇಶ್ ಕೂತಿದ್ದ. ಆ ಅದಿರಿನ ಯಾರ್ಡ್ ಅವನದೇ.

“ಬಲಗೈ ಹೊರಗ ಚಾಚ್ರಿ, ಕೊಟ್ರಯ್ಯನೋರೆ,” ಅಂದ.

ಚಾಚಿದೆ. ಚಾಚದೆ ಏನು ಮಾಡಲಿ? ಶಟರಿನ ಹಿಡಿಕೆಯ ಮೇಲೆ ಎರ್ರೆಪ್ಪನ ಕೈಯಿತ್ತು. ಎರ್ರೆಪ್ಪ ತಿಪ್ಪೇಶನ ಆಳು. ಹೇಳಿದ್ದು ಮಾಡುತ್ತಾನೆ, ಯಾಕೆ ಅಂತ ಕೇಳುವುದಿಲ್ಲ.

ಇದು ಎರಡು ಸಾವಿರದ ಎಂಟರ ಮಾತು. ಸಂಡೂರಿನ ಆಚೆ, ಟಿಪ್ಪರ್ ತೂಗುವ ವೇ ಬ್ರಿಡ್ಜಿನ ಕ್ಯಾಬಿನ್ನು, ಬೆಳಗಿನ ಹನ್ನೊಂದು ಗಂಟೆ. ತಲೆಯ ಮೇಲೆ ಕಾದ ತಗಡು. ಬಾಯಿ, ಮೂಗು, ರೆಪ್ಪೆ ಎಲ್ಲ ಕೆಂಪು ಧೂಳು.

ನನ್ನ ಕೆಲಸ ಹುಡುಕುವುದು. ಓಡಿಹೋದ ಡ್ರೈವರ್, ಕಳುವಾದ ಟಿಪ್ಪರ್, ಪ್ಲೇಟು ಬದಲಾದ ಜೀಪು... ಹೊಸಪೇಟೆಯಲ್ಲಿ ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಅದು ಹೊಟ್ಟೆಪಾಡು. ಹುಚ್ಚು ಬೇರೆ ಇದೆ.

ಹಳೆಯ ಮಕ್ಕಳ ಕಾರ್ಟೂನುಗಳ ಹಿನ್ನೆಲೆ ಸಂಗೀತ! ಯಾವ ಕಂತಿನಲ್ಲಿ ಯಾವ ಟ್ಯೂನ್, ಅದು ಯಾವ ರೆಕಾರ್ಡಿನದು ಅಂತ ಪತ್ತೆ ಹಚ್ಚಿ ಪಟ್ಟಿ ಬರೆಯುವುದು. ನಗಬೇಡಿ. ಒಂಬತ್ತು ವರ್ಷದಿಂದ ಬರೆಯುತ್ತಿದ್ದೆ. ಪೇಪರಿನವರು ಫೋಟೋ ಸಮೇತ ಹಾಕಿದ್ದರು. ಆ ಪೇಪರನ್ನು ತಿಪ್ಪೇಶನೂ ಓದಿದ್ದ. ಹುಡುಕುವ ಕೆಲಸವಿದೆ ಅಂತ ಕರೆಸಿ ಈ ಕ್ಯಾಬಿನ್ನಿನಲ್ಲಿ ಕೂರಿಸಿದ್ದ. ಎಲ್ಲ ಎಡವಟ್ಟು ಅಲ್ಲಿಂದಲೇ ಶುರು.

ಅವನಿಗೆ ಬೇಕಾಗಿದ್ದವಳು ಅನ್ನಪೂರ್ಣ. ಅದೇ ಕ್ಯಾಬಿನ್ನಿನಲ್ಲಿ ಮೂರು ವರ್ಷ ಚೀಟಿ ಬರೆದ ಹುಡುಗಿ. ವಾರದ ಹಿಂದೆ ಯಲ್ಲೇಶ್ ಎಂಬ ಕೂಲಿಯವನು ಟಿಪ್ಪರಿನ ಚಕ್ರಕ್ಕೆ ಸಿಕ್ಕಿ ಸತ್ತಿದ್ದ. ಹೆಣವನ್ನು ಮಣ್ಣಿನ ಡಂಪಿನೊಳಗೆ ಹಾಕಿ ಮುಚ್ಚಿದ್ದರು. ಕೆಲಸ ಬಿಟ್ಟು ಬೇರೆ ಊರಿಗೆ ಹೋದ ಅಂತ ಅವನ ಮನೆಯವರಿಗೆ ಹೇಳಿದ್ದರು. ಅನ್ನಪೂರ್ಣ ಈ ಕಿಟಕಿಯಿಂದ ಎಲ್ಲ ನೋಡಿದ್ದಳು. ಅದು ತಿಪ್ಪೇಶನಿಗೆ ಗೊತ್ತಾಗಿತ್ತು. ಅದಕ್ಕೇ ಅವಳು ಎರಡು ದಿನದಿಂದ ನಾಪತ್ತೆ.

ಹಿಂದಿನ ದಿನ ಕುರೆಕುಪ್ಪದಲ್ಲಿದ್ದ ತಾಯಿಗೆ ಒಂದು ಸಲ ಫೋನ್ ಮಾಡಿ, ತನ್ನ ಮೊಬೈಲ್ ಸ್ವಿಚ್ ಆಫ್ ಮಾಡಿಬಿಟ್ಟಿದ್ದಳು. ಆಗ ತಾಯಿಯ ಪಕ್ಕದಲ್ಲಿ ಎರ್ರೆಪ್ಪ ಕೂತಿದ್ದ. ರೆಕಾರ್ಡ್ ಮಾಡಿಕೊಂಡಿದ್ದ.

ಇಪ್ಪತ್ತು ಸೆಕೆಂಡಿನ ಆ ಮಾತನ್ನು ತಿಪ್ಪೇಶ್ ನನಗೆ ಕೇಳಿಸಿದ.

“ಚೊಲೋ ಇದೀನವ್ವ. ಹುಡುಕಬ್ಯಾಡ.”

ಹಿಂದೆ ಒಂದು ಟ್ಯೂನ್. ಕ್ಲಾರಿನೆಟ್ಟು, ಡೋಲು, ಕುಣಿಯುವ ಲಯ.

ಇದು ‘ಟೋಪಿ ನರಿ’ಯ ಮ್ಯೂಸಿಕ್ ಅಲ್ಲವೇ ಅಂತ ಕೇಳಿದ. ಚಿಕ್ಕಂದಿನಲ್ಲಿ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಟಿವಿಯಲ್ಲಿ ನೋಡುತ್ತಿದ್ದನಂತೆ. ಆ ಕಾರ್ಟೂನು ಈಗ ಯಾರ ಮನೆಯಲ್ಲಿ ಓಡುತ್ತಿದೆಯೋ ಅಲ್ಲಿ ಹುಡುಗಿ ಇದ್ದಾಳೆ. ಯಾರ ಮನೆ ಅಂತ ನಾನು ಹೇಳಬೇಕು. ಅಷ್ಟೇ.

ಇನ್ನೊಮ್ಮೆ ಹಾಕಿದ. ಟ್ಯೂನ್ ಒಂಬತ್ತನೇ ಸೆಕೆಂಡಿಗೆ ಬಂತು. ಅಲ್ಲೊಂದು ಸಣ್ಣ ಸದ್ದು.

ಟಕ್.



ಆ ಟಕ್ ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ಗಂಗಾಂಬಿಕಾಳ ಬಟ್ಟೆ ಕತ್ತರಿಸುವ ಕತ್ತರಿ ಜಾರಿ ರೆಕಾರ್ಡಿನ ಮೇಲೆ ಬಿದ್ದಿತ್ತು. ಆ ಗೀರು ಇಡೀ ಲೋಕದಲ್ಲಿ ಒಂದೇ ರೆಕಾರ್ಡಿನಲ್ಲಿದೆ. ಆ ರೆಕಾರ್ಡ್ ನನ್ನ ಮನೆಯಲ್ಲಿದೆ. ಗಂಗಾಂಬಿಕಾ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಅನ್ನಪೂರ್ಣ ಅವಳ ಹತ್ತಿರ ಕಲಿತವಳು. ನಾನು ಮೂರು ದಿನದಿಂದ ಬೇರೆ ಕೆಲಸಕ್ಕೆ ಸಂಡೂರಿನಲ್ಲೇ ಇದ್ದೆ. ಹುಡುಗಿಯ ಅಳು ಅಕ್ಕಪಕ್ಕದವರಿಗೆ ಕೇಳಬಾರದು ಅಂತ ಇವಳು ರೆಕಾರ್ಡ್ ಹಾಕಿದ್ದಾಳೆ...

ನಿಜ ಹೇಳಿದರೆ ಹುಡುಗಿ ಹೋದಳು, ಜೊತೆಗೆ ಹೆಂಡತಿಯೂ. ಹೇಳದಿದ್ದರೆ ಕೈ. ಭಯವಾಯಿತು. ಇಂಥ ಭಯ ನನಗೆ ಈ ಕೆಲಸದಲ್ಲಿ ಹಿಂದೆಂದೂ ಆಗಿರಲಿಲ್ಲ.

ಹೌದು, ‘ಟೋಪಿ ನರಿ’ಯದೇ, ಯಾವುದೋ ಸಿಡಿ ಇರಬೇಕು ಅಂದೆ.

ತಿಪ್ಪೇಶ್ ತಲೆ ಅಲ್ಲಾಡಿಸಿದ. “ಆ ನರಿ ಕೆಮ್ಮಿಕೋತ ಬರ್ತಿತ್ತು. ಇದ್ರಾಗ ಕೆಮ್ಮಿಲ್ಲ. ಬರೇ ಬಾಜಾ ಐತಿ.”

ಬೋಳೀಮಗ, ಕಿವಿ ಚುರುಕಾಗಿತ್ತು!

ಅರ್ಧ ನಿಜ ಹೇಳಬೇಕಾಯಿತು. ಆ ಕಾಲದ ಕಾರ್ಟೂನು ಮಾಡುವವರು ಪ್ರತಿ ಕಂತಿಗೂ ವಾದ್ಯದವರನ್ನು ಕರೆಸುತ್ತಿರಲಿಲ್ಲ. ರೆಡಿಮೇಡ್ ಟ್ಯೂನ್ ಹಾಕುತ್ತಿದ್ದರು. ಲೈಬ್ರರಿ ಮ್ಯೂಸಿಕ್ ಅನ್ನುತ್ತಾರೆ. ವಿದೇಶದಲ್ಲಿ ತಯಾರಾಗಿ ಸ್ಟುಡಿಯೋಗಳಿಗೆ ಮಾತ್ರ ಹೋಗುವ ರೆಕಾರ್ಡು, ಅಂಗಡಿಯಲ್ಲಿ ಸಿಗುವುದಿಲ್ಲ. ಅದರಲ್ಲಿ ಟ್ಯೂನಿಗೆ ಹಾಡಿನ ಹೆಸರಿರುವುದಿಲ್ಲ, ಯಾವ ಕೆಲಸಕ್ಕೆ ಅಂತ ಇರುತ್ತದೆ. ‘ಕಳ್ಳ ಹೆಜ್ಜೆ’. ‘ಮುದುಕ ಜಾರಿ ಬೀಳುವುದು’. ಪಕ್ಕದಲ್ಲಿ ನಿಮಿಷ, ಸೆಕೆಂಡು. ಒಂದೇ ಟ್ಯೂನ್ ನರಿಗೂ ಹೊಂದುತ್ತದೆ, ಸೋಪಿನ ಜಾಹೀರಾತಿಗೂ ಹೊಂದುತ್ತದೆ. ಹಾಗಾಗಿ ಇದು ಎಲ್ಲಿಂದ ಬೇಕಾದರೂ ಬಂದಿರಬಹುದು ಅಂದೆ.

“ಇಂಥ ರೆಕಾರ್ಡ್ ಯಾರತ್ರ ಅದಾವು?”

ಕಂಪ್ಲಿಯ ಹಳೇ ಟೆಂಟ್ ಟಾಕೀಸಿನ ಆಪರೇಟರ್ ಹತ್ತಿರ ಇವೆ ಅಂದೆ. ಆಪರೇಟರ್ ಸತ್ತು ಎರಡು ವರ್ಷವಾಗಿತ್ತು. ನನಗೆ ಬೇಕಿದ್ದದ್ದು ಹೊತ್ತು.

“ಕಂಪ್ಲಿಗೆ ಹೊಸಪ್ಯಾಟಿ ಮ್ಯಾಲೇ ಹೋಗಬೇಕು,” ಅಂದ ತಿಪ್ಪೇಶ್, ನಿಧಾನವಾಗಿ. “ನಿಮ್ಮ ಮನ್ಯಾಗೂ ಹನ್ನೊಂದು ಅದಾವಂತ ಪೇಪರಿನ್ಯಾಗ ಬಂದಿತ್ತು. ಎರ್ರೆಪ್ಪ ಮೊದಲು ಅಲ್ಲಿಳೀತಾನ.”

ನಾನೇ ತೋಡಿದ ಗುಂಡಿ! ಕ್ಯಾಬಿನ್ನು ಇನ್ನಷ್ಟು ಕಿರಿದಾದಂತಾಯಿತು.

ಹನ್ನೊಂದರಲ್ಲಿ ಯಾವುದು ಅಂತ ಎರ್ರೆಪ್ಪನಿಗೆ ತಿಳಿಯುವುದಿಲ್ಲ, ಫೋನ್ ಮಾಡಿದರೆ ಮನೆಯವಳು ತೆಗೆದಿಡುತ್ತಾಳೆ ಅಂದೆ. ತಿಪ್ಪೇಶ್ ಯೋಚಿಸಿದ. ಸ್ಪೀಕರ್ ಆನ್ ಮಾಡಿಸಿದ. ಒಂದು ಮಾತು ಹೆಚ್ಚಾದರೆ ಶಟರ್ ಬೀಳುತ್ತದೆ ಅಂತ ಮೊದಲೇ ಹೇಳಿದ.

“ಗಂಗಾ, ಒಬ್ರು ಬರ್ತಾರ. ನಾಕನೇ ರೆಕಾರ್ಡ್ ಕೊಡು. ಬಿ ಸೈಡ್, ಏಳನೇ ಟ್ರ್ಯಾಕ್ ಬೇಕಂತ.”

“ಏಳನೇದಾ?”

“ಹೂಂ. ಏಳನೇದು.”

ಅಷ್ಟರಲ್ಲಿ ಒಂದು ಟಿಪ್ಪರ್ ವೇ ಬ್ರಿಡ್ಜ್ ಹತ್ತಿತು. ಯಾವ ಗಾಡಿ ಹತ್ತಿದರೂ ಬಡಿಯುವ ಕ್ಯಾಬಿನ್ನಿನ ಗಂಟೆ ಬಡಿಯಿತು. ಟೀಂ... ಟ್ರ್ಯಾಂ. ಎರಡನೆಯದು ಒಡಕಲು. ತಿಪ್ಪೇಶ್ ಡ್ರೈವರನ್ನು ಕೈಸನ್ನೆಯಲ್ಲೇ ಗದರಿಸಿದ.

“ತಗದಿಡ್ತೀನಿ,” ಅಂದಳು ಗಂಗಾಂಬಿಕಾ. “ಉಂಡೀರಿ?”

ಇನ್ನೂ ಇಲ್ಲ ಅಂದೆ. ಫೋನ್ ಕಟ್ಟಾಯಿತು.

ನಿಮಗೆ ಹೇಳುತ್ತೇನೆ, ತಿಪ್ಪೇಶನಿಗೆ ಹೇಳಲಿಲ್ಲ. ನಾಲ್ಕನೇ ರೆಕಾರ್ಡು, ಬಿ ಸೈಡು, ಏಳನೇ ಟ್ರ್ಯಾಕಿನ ಹೆಸರು ‘ತಪ್ಪಿಸಿಕೊಂಡು ಹೋಗುವುದು, ರಸ್ತೆಯಲ್ಲಿ’. ಪಟ್ಟಿಯ ಪುಸ್ತಕ ಹೊಲಿಗೆ ಮಷಿನ್ನಿನ ಪಕ್ಕದಲ್ಲೇ ಇರುತ್ತದೆ. ಅವಳು ನೋಡುತ್ತಾಳೆ. ತಿಳಿಯುತ್ತಾಳೆ. ಒಳಗೊಳಗೇ ಬೆನ್ನು ತಟ್ಟಿಕೊಂಡೆ!

ಎರ್ರೆಪ್ಪ ಜೀಪು ಹತ್ತಿದ. ಶಟರಿನ ಹಿಡಿಕೆ ಇನ್ನೊಬ್ಬನ ಕೈಗೆ ಬಂತು. ರಸ್ತೆ ತುಂಬ ಅದಿರಿನ ಟಿಪ್ಪರುಗಳು ಸಾಲುಗಟ್ಟಿ ನಿಂತಿದ್ದವು. ಒಂದು ತಾಸಿನ ದಾರಿಗೆ ಮೂರು ತಾಸು. ತಿಪ್ಪೇಶನ ಆಳನ್ನು ತಿಪ್ಪೇಶನ ಟಿಪ್ಪರುಗಳೇ ಅಡ್ಡಗಟ್ಟಿದವು. ನಗು ಬಂತು, ನಗಲಿಲ್ಲ.

ಎರಡು ಗಂಟೆಗೆ ಹೊಸಪೇಟೆಯಿಂದ ಫೋನು. ಮನೆಗೆ ಬೀಗ. ಯಜಮಾನತಿ ಮಲಪನಗುಡಿಗೆ ನೆಂಟರ ಮನೆಗೆ ಹೋದರು ಅಂತ ಪಕ್ಕದವರು ಹೇಳಿದರಂತೆ. ರೆಕಾರ್ಡು ಕಟ್ಟೆಯ ಮೇಲೆ ಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತಂತೆ.

ಮೂರೂವರೆಗೆ ಕಂಪ್ಲಿಯಿಂದ ಇನ್ನೊಂದು ಫೋನು. ತಿಪ್ಪೇಶ್ ಕೇಳಿಸಿಕೊಂಡು ಫೋನ್ ಜೇಬಿಗಿಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

“ಸತ್ತವನ ಮನೀಗೆ ಕಳಿಸೀರಿ.”

ಅಷ್ಟೇ ಅಂದ. ಶಟರ್ ಬಿತ್ತು.

ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೂಗಿಕೊಂಡೆ. ನಾಚಿಕೆ ಇಲ್ಲ ಹೇಳಿಕೊಳ್ಳಲು, ಅತ್ತೆ ಕೂಡ. ಶಟರ್ ಎತ್ತಲಿಲ್ಲ. ಕೈ ಹೊರಗೆ, ನಾನು ಒಳಗೆ, ಹಾಗೇ ಒಂದೂವರೆ ತಾಸು ನಿಂತಿದ್ದೆ.

ವಾಪಸ್ ಬರುವ ಕಡೆ ರಸ್ತೆ ಖಾಲಿ, ಐದಕ್ಕೆ ಎರ್ರೆಪ್ಪ ರೆಕಾರ್ಡ್ ತಂದ. ಶಟರಿನ ಕೆಳಗಿನ ಸಂದಿಯಲ್ಲಿ ಬಗ್ಗಿ ನೋಡಿದೆ, ತಿಪ್ಪೇಶ್ ಕನ್ನಡಕ ಹಾಕಿಕೊಂಡ. ಲೇಬಲ್ಲಿನ ಮೇಲೆ ಬೆರಳು ಇಳಿಸುತ್ತ ಬಂದ. ಐದು... ಆರು...

ಹಾಳಾಯಿತು! ಇವನಿಗೆ ಇಂಗ್ಲಿಷ್ ಓದಲು ಬರುತ್ತದೆ ಅನ್ನುವುದನ್ನೇ ಮರೆತಿದ್ದೆ. ಕಣ್ಣು ಮುಚ್ಚಿಕೊಂಡೆ.

“ಪಿಕ್ನಿಕ್,” ಅಂತ ಓದಿದ. “ಚಿಲ್ಡ್ರನ್ಸ್ ಪಿಕ್ನಿಕ್.”

ಕಣ್ಣು ಬಿಟ್ಟೆ. ಪಿಕ್ನಿಕ್ಕಾ? ಹಾಗಾದರೆ ತಪ್ಪಿಸಿಕೊಳ್ಳುವುದು ಎಂಟನೆಯದು! ಒಂಬತ್ತು ವರ್ಷದ ಪಂಡಿತ, ನಂಬರ್ ತಪ್ಪು ಹೇಳಿದ್ದೆ. ಮಕ್ಕಳ ಪಿಕ್ನಿಕ್ ಅಂದರೆ ಅವಳು ಏನು ತಿಳಿದುಕೊಂಡಳು? ನಿಜವಾಗಿಯೂ ನೆಂಟರ ಮನೆಗೆ ಹೋದಳಾ, ಹುಡುಗಿಯನ್ನು ಒಳಗಿಟ್ಟು ಬೀಗ ಹಾಕಿ?

“ಪಿಕ್ನಿಕ್ಕಿಗೆ ಹಿಂಗ್ಯಾಕ ಬೆವರ್ತೀರಿ?” ಅಂದ ತಿಪ್ಪೇಶ್. ಬೆರಳು ಎಂಟರ ಕಡೆ ಇಳಿಯಿತು.

ಗೇಟಿನ ಹತ್ತಿರ ಧೂಳೆದ್ದಿತು. ಮೂರು ಜೀಪು. ಬಳ್ಳಾರಿಯಿಂದ ಬಂದ ಪೊಲೀಸರು! ಎರ್ರೆಪ್ಪ ಓಡಿದ, ಹತ್ತು ಹೆಜ್ಜೆಗೆ ಸಿಕ್ಕಿಬಿದ್ದ. ತಿಪ್ಪೇಶ್ ಓಡಲೂ ಇಲ್ಲ. ಲೇಬಲ್ ಹಿಡಿದುಕೊಂಡೇ ಕೂತಿದ್ದ.

ಎರಡನೇ ಜೀಪಿನಿಂದ ಅನ್ನಪೂರ್ಣ ಇಳಿದಳು. ಡಂಪಿನ ಕಡೆ ಕೈ ತೋರಿಸಿದಳು. ಮಾರನೇ ದಿನ ಅಲ್ಲೇ ಯಲ್ಲೇಶ್ ಸಿಕ್ಕ.

ಪೊಲೀಸರು ಶಟರ್ ಎತ್ತಿದರು, ಆದರೆ ನಾನು ಮಾತ್ರ ಇನ್ನೂ ಅರ್ಧ ತಾಸು ಒಳಗೇ ಇದ್ದೆ. ಟಿಪ್ಪರಿನ ಕೀ ಒಯ್ದ ಡ್ರೈವರ್ ಸಂಡೂರಿನಲ್ಲಿ ಚಹಾ ಕುಡಿಯುತ್ತಿದ್ದನಂತೆ.

ಅದೇ ಜೀಪಿನಲ್ಲಿ ಬಂದಿದ್ದ ಗಂಗಾಂಬಿಕಾ ಕಿಟಕಿಯ ಹತ್ತಿರ ಬಂದು ಊದಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ನನ್ನ ಸಂದೇಶ ಹೇಗೆ ತಿಳಿಯಿತು ಅಂತ ಕೇಳಿದೆ.

“ನೀವು ಹೇಳಿದ್ದು ನನಗೇನೂ ತಿಳೀಲಿಲ್ಲರಿ. ಫೋನಿನ್ಯಾಗ ಗಂಟಿ ಬಡೀತಲ್ಲ, ಅನ್ನಪೂರ್ಣ ಬೆಳ್ಳಗಾದ್ಲು. ಆ ಒಡಕ ಗಂಟಿ ರಿಪೇರಿ ಮಾಡಸ್ರಿ ಅಂತ ಮೂರು ವರ್ಷ ಬಡಕಂಡಾಳಂತ ಅಕಿ. ನಿಮ್ಮನ್ನ ಎಲ್ಲಿ ಕೂಡಿ ಹಾಕ್ಯಾರ ಅಂತ ಅಕಿನೇ ಹೇಳಿದ್ಲು. ಸೀದಾ ಬಳ್ಳಾರಿ ಬಸ್ ಹತ್ತಿದ್ವಿ.”

ಏಳರ ಬದಲು ಎಂಟು ಅಂದಿದ್ದರೆ ತಿಪ್ಪೇಶ್ ಅದನ್ನು ಓದುತ್ತಿದ್ದ. ಆಗ ಕೈಯಷ್ಟೇ ಹೋಗುತ್ತಿರಲಿಲ್ಲ.

ಈಗ ಪಟ್ಟಿ ಅನ್ನಪೂರ್ಣ ಬರೆಯುತ್ತಾಳೆ. ನನ್ನ ಕೆಲಸ ರೆಕಾರ್ಡಿನ ಧೂಳು ಒರೆಸುವುದು... ಅದೂ ಎಡಗೈಯಲ್ಲಿ.