ತಳ್ಳುವ ಕಾರಿನ ಕೊನೆಯ ಬೆಳಗು

ನಂಬುವವರು ನಂಬಿ, ನಗುವವರು ನಗಿ. ಲಕ್ಷ್ಮೀಪುರಂನ ಆ ಬೀದಿಯಲ್ಲಿ ಇದು ನಡೆದದ್ದಂತೂ ನಿಜ. ಹಳೆ ಕಾರು ಹೋದರೆ ಕಾರಣವೂ ಹೋಗುತ್ತದೆ ಎಂದು ಸಾಗರನಿಗೆ ಹೊಳೆದದ್ದು, ಮನೆ ಮುಂದೆ ಸೆಕೆಂಡ್ ಹ್ಯಾಂಡ್ ಕಾರೊಂದು ಬಂದು ನಿಂತಾಗ.

ಬೆಳ್ಳಿ ಬಣ್ಣದ್ದು. ಕೀ ತಿರುಗಿಸಿದರೆ ಸಾಕು, ಸ್ಟಾರ್ಟ್. ಅದೇ ಅದರ ದೋಷ.

ಹಳೆಯದು ತಳ್ಳದೆ ಹೊರಡುತ್ತಿರಲಿಲ್ಲ. ದಿನಾ ಬೆಳಗ್ಗೆ ಎದುರುಮನೆ ಜೆನ್ನಿ ಸ್ಟೀರಿಂಗ್ ಹಿಡಿಯುವಳು, ಅವನು ತಳ್ಳುವನು. ಎಂಜಿನ್ ಕೆಮ್ಮಿ ಎದ್ದದ್ದೇ ತಡ, ಅವನನ್ನು ಬಿಟ್ಟು ಬೀದಿ ಕೊನೆಗೆ ಹೋಗಿ, ಕನ್ನಡಿಯಲ್ಲಿ ನೋಡುತ್ತಾ ಕಾಯುವಳು. ಆಮೇಲೆ ಕುವೆಂಪುನಗರದಲ್ಲಿ ಅವಳು ಪಾಠ ಮಾಡುವ ಶಾಲೆಯವರೆಗೂ ಜೊತೆ. ಕನ್ನಡಿಯೊಳಗಿನ ಆ ಕಣ್ಣಿಗಾಗಿಯೇ ಅವನು ಬ್ಯಾಟರಿ ಬದಲಿಸಿರಲಿಲ್ಲ.

ಮೊದಲ ದಿನ ಕಾರು ಕೆಟ್ಟೇ ಇರಲಿಲ್ಲ. ಅವಳನ್ನು ಮಾತಾಡಿಸಲೆಂದು ಸಾಗರ ಗಂಟಲಲ್ಲೇ "ಖರ್ರ್... ಖರ್ರ್..." ಎಂದು ಸತ್ತ ಸ್ಟಾರ್ಟರಿನ ಮಿಮಿಕ್ರಿ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿಕೊಂಡು, ಪಾಪದ ಹುಡುಗಿಯ ಕೈಲಿ ಬೆವರಿಳಿಯುವಂತೆ ತಳ್ಳಿಸಿದ್ದ. ಅಣಕಿಸಿದ್ದಕ್ಕೋ ಏನೋ, ಆಮೇಲೆ ಕಾರು ನಿಜವಾಗಿಯೂ ಕೆಟ್ಟಿತು.

ಹೊಸ ಕಾರು ಅಮ್ಮ ದೇವಿರಮ್ಮನ ಹಟ. "ನಾಳೆ ಹೆಣ್ಣು ನೋಡಕ್ಕೆ ಹೋಗೋದು ಕಣೋ. ಬೀಗರ ಕೈಲಿ ಕಾರು ತಳ್ಳಿಸ್ತೀಯಾ?"

ಪ್ರಿನ್ಸಿಪಾಲರಿಂದ ಕುಕ್ಕರಿನವರೆಗೆ ಯಾರ ದನಿ ಬೇಕಾದರೂ ತೆಗೆಯುವ ಸಾಗರನಿಗೆ, ಚರ್ಚಿಗೆ ಹೋಗುವ ಹುಡುಗಿ ಬೇಕೆಂದು ತನ್ನ ದನಿಯಲ್ಲಿ ಹೇಳಲಾಗಲಿಲ್ಲ. "ಹೂಂ" ಅಂದುಬಿಟ್ಟ. ರಾತ್ರಿಯಿಡೀ ಆ ಹೂಂಕಾರವೇ ಎದೆ ಮೇಲೆ ಕೂತಿತ್ತು.

ಬೆಳಗ್ಗೆ ಗುಜರಿಯವನ ಲಾರಿ ಬೀದಿ ಮೂಲೆಯಲ್ಲಿ ನಿಂತಿತ್ತು. ಹಳೆ ಕಾರನ್ನು ಅಲ್ಲಿವರೆಗೆ ತಳ್ಳಬೇಕು. ಜೆನ್ನಿ ಬಂದು ಕೈ ನೀಡಿದಳು.

"ಕೀ ಕೊಡ್ರೀ."

ಸಿಟ್ಟು ಬಂದಾಗ ಮಾತ್ರ ಅವಳು ಹಾಗೆ ಮರ್ಯಾದೆ ಕೊಡುತ್ತಿದ್ದಳು.

ಅವನು ತಳ್ಳಿದ. ಕಾರು ಅಲುಗಲಿಲ್ಲ. ಹೆಗಲು ಕೊಟ್ಟು ತಳ್ಳಿದ. ಊಹೂಂ.

"ಬೇಗ ತಳ್ರೀ. ಹೆಣ್ಣಿನ ಮನೇವ್ರು ಕಾಯ್ತಿರ್ತಾರೆ."

ತಲೆಯೆತ್ತಿದರೆ, ಕನ್ನಡಿಯೊಳಗಿನ ಆ ಕಣ್ಣು ತುಂಬಿತ್ತು. ಕಿಟಕಿ ಬಳಿ ಹೋಗಿ ನೋಡಿದ. ಹ್ಯಾಂಡ್ ಬ್ರೇಕನ್ನು ಎಳೆದು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ.

"ಅವತ್ತು ನನ್ನ ಕೈಲಿ ತಳ್ಳಿಸ್ಲಿಲ್ವಾ? ಬಡ್ಡಿ ಸಮೇತ ತಗೋ." ದನಿ ಒಡೆಯಿತು. "ಇದೂ ಹೋದ್ಮೇಲೆ ನಮ್ಮ ಗೇಟ್ ಹತ್ರ ಯಾಕೋ ನಿಲ್ತೀಯ ನೀನು?"

ಅವನು ಬಾಯಿ ತೆರೆದರೆ, ಅದು ಅಭ್ಯಾಸಬಲದಿಂದ "ಖರ್ರ್..." ಎಂದಿತು.

"ನಿನ್ನ ದನೀಲಿ ಹೇಳೋ!"

"ನಾನು ಹೋಗಲ್ಲ ಜೆನ್ನಿ. ನಂಗೆ ನೀನೇ ಬೇಕು."

ಒರಟಾಗಿ, ಬೀದಿಗೆಲ್ಲ ಕೇಳುವಂತೆ ಬಂತು ಮಾತು. ಗೇಟಿನಲ್ಲಿ, ಹೊಸ ಕಾರಿನ ಚಕ್ರಕ್ಕಿಡಲು ನಿಂಬೆಹಣ್ಣು ಹಿಡಿದು ಅಮ್ಮ ನಿಂತಿದ್ದರು. ಹಣ್ಣುಗಳನ್ನು ಕಾಂಪೌಂಡಿನ ಮೇಲಿಟ್ಟು ಒಳಹೋದರು. ಬಾಗಿಲು ಮುಚ್ಚಿತು. ಅದೊಂದು ಸದ್ದನ್ನು ಅವನು ಮುಂದೆಂದೂ ಅಣಕಿಸಲಾರ.

ಸಾಗರ ಮತ್ತೆ ಹಿಂದೆ ಹೋಗಿ, ತಲೆ ತಗ್ಗಿಸಿ, ಮೈಭಾರವನ್ನೆಲ್ಲ ಕಾರಿನ ಮೇಲೆ ಹಾಕಿದ. ಜೆನ್ನಿ ಬ್ರೇಕ್ ಬಿಟ್ಟಳು.

ಕಾರು ಜಾರಿತು. ಸಾಗರ ಬೋರಲು ಬಿದ್ದ.

ಅಳುತ್ತಿದ್ದವಳಿಗೂ ನಗು ತಡೆಯಲಿಲ್ಲ. ಮೂಲೆಯಲ್ಲಿ ಗುಜರಿಯವನೂ ನಕ್ಕ. ಆದರೆ ಮುಚ್ಚಿದ ಬಾಗಿಲಿನೆದುರು, ತರಚಿದ ಮೊಣಕೈ ಹಿಡಿದು ರಸ್ತೆಯಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತಾ ಎಲ್ಲರಿಗಿಂತ ಜೋರಾಗಿ ನಕ್ಕವನು ಸಾಗರನೇ. ಆ ನಗು ಮಾತ್ರ ಯಾರದೂ ಮಿಮಿಕ್ರಿಯಾಗಿರಲಿಲ್ಲ.