ಚಕ್ರವಿಲ್ಲದ ಒಲೆ

"ದುಬೈಗೆ ರೈಲಿಲ್ಲ, ಬಾಪ. ಆದ್ರೂ ಅಲ್ಲಿಂದ ಬಂದೋರೆಲ್ಲ ಎಷ್ಟು ರೈಲು ಬಿಡ್ತಾರೆ ನೋಡಿ."

ಮೂಡಿಗೆರೆ ಪೇಟೆಯ ಒಲೆ, ಪಾತ್ರೆಗಳ ಅಂಗಡಿಯಲ್ಲಿ ಜಹೀರಾ ತಂದೆಯ ಕನ್ನಡಕವನ್ನು ಮೂಗಿನ ತುದಿಗೆ ಸಿಕ್ಕಿಸಿಕೊಂಡು, ಎದೆಯುಬ್ಬಿಸಿ, ಗಲ್ಫಿನಿಂದ ರಜೆಗೆ ಬಂದವರಂತೆ ನಡೆದು ತೋರಿಸುತ್ತಿದ್ದಳು.

"ನಮ್ಮಲ್ಲಿ ಒಲೆ ಅಂದ್ರೆ ಬರೀ ಬಟನ್ನು... ಒತ್ತಿದ್ರೆ ಕೋಳಿ ತಾನಾಗೇ ಬಂದು ಮಲಗುತ್ತೆ..."

ತಂದೆ ಮೊಯ್ದು ನಗಲಿಲ್ಲ. ಅವರ ಕಣ್ಣು ಬಾಗಿಲಿನ ಮೇಲಿತ್ತು.

ಅಲ್ಲೊಬ್ಬ ನಿಂತಿದ್ದ. ಕಪ್ಪು ಕನ್ನಡಕ, ಇಸ್ತ್ರಿಯ ಶರ್ಟು.

"ಅತ್ತರು ಹಾಕೋದು ಮರೆತ್ರಿ," ಎಂದ ಗಂಭೀರವಾಗಿ. "ಮಿಕ್ಕಿದ್ದೆಲ್ಲ ನಾನೇ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಜಹೀರಾಗೆ. ಬಿಡಲಿಲ್ಲ. ಬದಲಿಗೆ ಅವನ ಕೆನ್ನೆಯ ಮೇಲೊಂದು ಗುಳಿ ಬಿತ್ತು...

ಅವನು ಬಣಕಲ್‌ನ ಇದ್ರೀಸ್. ದುಬೈನ ದೊಡ್ಡ ಹೋಟೆಲೊಂದರಲ್ಲಿ ಗ್ಯಾಸ್ ಪೈಪು ಜೋಡಿಸುವ ಕೆಲಸ. ತಾಯಿ ರಹೀಮಾಗೆ ಹೊಸ ಮನೆ ಕಟ್ಟಿಸಿದ್ದ. ಅಡುಗೆಮನೆಯ ಹಿಂದಿನ ಸಿಟ್-ಔಟ್‌ನಲ್ಲಿ ಮೀನು, ಕೋಳಿ ಸುಡಲು ಗ್ಯಾಸಿನ ಗ್ರಿಲ್ ಬೇಕಿತ್ತು.

"ಕೆಂಡದ ಹೊಗೆಯಲ್ಲಿ ಉಮ್ಮನ ಕಣ್ಣು ಹಾಳಾಗ್ತಿದೆ," ಎಂದ.

ಅಡುಗೆಯ ಗ್ಯಾಸಿಗೇ ಹೆಸರು ಬರೆಸಿ ಊರೆಲ್ಲ ಕಾಯುತ್ತಿದ್ದ ಎಂಬತ್ತರ ದಶಕವದು. ಮೊಯ್ದು ಹುಬ್ಬೇರಿಸಿದರು. ಜಹೀರಾ ಮಾತ್ರ ಅಂಗಡಿಯ ದನಿಗೆ ಮರಳಿದ್ದಳು.

"ಗೋಡೆಗೆ ಸೇರಿಸಿ ಕಟ್ಟೋದಾ, ಚಕ್ರದ ಸ್ಟ್ಯಾಂಡಾ?"

"ಯಾವುದು ಒಳ್ಳೇದು?"

"ಚಕ್ರದ್ದನ್ನ ಎಲ್ಲಿಗೆ ಬೇಕಾದ್ರೂ ತಳ್ಕೊಂಡು ಹೋಗ್ಬಹುದು. ಕಟ್ಟಿದ್ದು ಅಲ್ಲೇ ಇರುತ್ತೆ."

ಭಾನುವಾರ ಅಪ್ಪ, ಮಗಳು ಅಳತೆಗೆಂದು ಬಣಕಲ್ ಬಸ್ಸು ಹತ್ತಿದರು. ಜಹೀರಾ ರಹೀಮಾರನ್ನು ಗೋಡೆಯ ಪಕ್ಕ ನಿಲ್ಲಿಸಿದಳು.

"ಮೊಣಕೈಗಿಂತ ಒಂದು ಗೇಣು ಕೆಳಗೆ ಜಾಲರಿ ಬರ್ಬೇಕು, ರಹೀಮಕ್ಕ. ಇಲ್ದಿದ್ರೆ ಬೆನ್ನು ಕಳಚಿ ಕೈಗೆ ಬರುತ್ತೆ." ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ರಹೀಮಾ ಗಿಡ್ಡ. ಗೆರೆಯೂ ಕೆಳಗೇ ಬಿತ್ತು. "ಅದೇ ನಾನು ನಿಂತ್ರೆ ನೋಡಿ, ಇಲ್ಲಿ." ಮೇಲೆ ಇನ್ನೊಂದು ಗೆರೆ. "ಇದನ್ನ ಅಳಿಸಿಬಿಡಿ. ಮೇಸ್ತ್ರಿ ತಲೆ ಕೆಡುತ್ತೆ."

"ಆಮೇಲೆ ಅಳಿಸ್ತೀನಿ," ಎಂದ ಇದ್ರೀಸ್.

ಆಮೇಲೆ ಅವನು ಅಂಗಡಿಗೆ ಬರತೊಡಗಿದ. ಇವತ್ತು ಪೈಪು, ನಾಳೆ ವಾಷರು. ಒಂದು ಕ್ಲಿಪ್ಪಿಗಾಗಿ ಬಸ್ಸಲ್ಲಿ ಬಂದ ಗಿರಾಕಿಯನ್ನು ಮೊಯ್ದು ಮೊದಲ ಬಾರಿ ಕಂಡಿದ್ದರು. ಜಹೀರಾ ಬಸ್ ಕಂಡಕ್ಟರನ ದನಿ ತೆಗೆದರೆ ಅವನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಒಲೆ ಕೊಳ್ಳಲು ಬಂದವನ ಒಲವು ಯಾರಿಗೂ ಗುಟ್ಟಾಗಿ ಉಳಿಯಲಿಲ್ಲ.

ರಹೀಮಾ ಮದುವೆಯ ಪ್ರಸ್ತಾಪ ಕಳಿಸಿದರು.

ಜಹೀರಾಳ ಎದೆ ಹೂಂ ಎಂದಿತು. ಬಾಯಿ ಮಾತ್ರ ತಡೆಯಿತು. ಅಕ್ಕ ಜೊಹರಾಳ ಗಂಡನೂ ಗಲ್ಫಿನಲ್ಲಿದ್ದ. ಕಳೆದ ಸಲ ಅವನು ಊರಿಗೆ ಬಂದಾಗ ಅವನದೇ ಮಗು, "ಈ ಮಾಮ ಯಾರು?" ಎಂದು ಕೇಳಿತ್ತು...

ಇವನೂ ಹೋಗುತ್ತಾನಾ? ಕೇಳಲು ಧೈರ್ಯ ಬರಲಿಲ್ಲ. ಯೋಚನೆ ಮಾಡ್ತೀನಿ ಅಂದಳಷ್ಟೇ.

ಆ ವಾರವೇ ಇದ್ರೀಸ್ ಬಂದ.

"ಗೋಡೆಗೆ ಕಟ್ಟೋದು ಬೇಡ. ಚಕ್ರದ್ದೇ ಇರ್ಲಿ... ಸದ್ಯಕ್ಕೆ."

ಸದ್ಯಕ್ಕೆ.

ಜಹೀರಾ ಮುಖ ತಿರುಗಿಸಿ ಪಾತ್ರೆ ಜೋಡಿಸಿದಳು. ಅವನು ಹೋದ ಮೇಲೆ ಮೆಲ್ಲಗೆ ಹೇಳಿದಳು, "ಬೇಡ ಅಂತ ಹೇಳಿ ಕಳಿಸಿ, ಬಾಪ. ಚಕ್ರ ಇರೋ ಗಂಡು ನಂಗೆ ಬೇಡ."

ಅಂದಿನಿಂದ ಅಂಗಡಿಯಲ್ಲಿ ಯಾರ ದನಿಯೂ ಕೇಳಲಿಲ್ಲ. ಜಹೀರಾ ಜಹೀರಾಳ ಹಾಗೆಯೂ ಮಾತಾಡುತ್ತಿರಲಿಲ್ಲ.

ಕೆಲವು ವಾರ ಕಳೆದು ರಹೀಮಾ ಸೆರಗಿನಿಂದ ಮುಖ ಒರೆಸುತ್ತ ಅಂಗಡಿಗೆ ನುಗ್ಗಿದರು.

"ಮೊಯ್ದು ಬ್ಯಾರಿಗಳೇ, ನಿಮ್ಮ ಮಗಳ ಅಳತೆಗೆ ಬೆಂಕಿ ಬೀಳ. ಮೀನು ಮಗುಚೋಕೆ ನಾನು ಸ್ಟೂಲು ಹತ್ಬೇಕು."

"ಚಕ್ರದ ಸ್ಟ್ಯಾಂಡು ಅಷ್ಟು ಎತ್ತರ ಇರಲ್ವಲ್ಲ, ರಹೀಮಕ್ಕ..."

"ಯಾವ ಚಕ್ರ, ಮಾರಾಯ್ತಿ? ಗುರುವಯ್ಯ ಮೇಸ್ತ್ರಿ ಕಲ್ಲು, ಗಾರೆ ಹಾಕಿ ಗೋಡೆಗೇ ಕಟ್ಟಿದಾನೆ. ಬಂದು ನೋಡು ನಿನ್ನ ಕರ್ಮ."

ಜಹೀರಾ ಹೋದಳು.

ಸಿಟ್-ಔಟ್‌ನ ಗೋಡೆಗೆ ಅಂಟಿಕೊಂಡು ಕಪ್ಪು ಕಲ್ಲಿನ ಕಟ್ಟೆ. ಅದರೊಳಗೆ ಗ್ರಿಲ್. ಕೆಳಗೆ ಸಿಲಿಂಡರಿನ ಗೂಡು, ಅದಕ್ಕೆ ಗಾಳಿಕಿಂಡಿ. ಕೆಳಗಿನ ಗೆರೆ ಗಾರೆಯಲ್ಲಿ ಮುಚ್ಚಿಹೋಗಿತ್ತು. ಮೇಲಿನದು ಜಾಲರಿಯ ಪಕ್ಕದಲ್ಲೇ ಬೆಳ್ಳಗೆ ಉಳಿದಿತ್ತು.

ಅವಳು ಹೋಗಿ ನಿಂತಳು. ಮೊಣಕೈಗಿಂತ ಸರಿಯಾಗಿ ಒಂದು ಗೇಣು ಕೆಳಗೆ...

"ಅಳಿಸಿ ಅಂದಿದ್ದೆ," ಎಂದಳು ಹಿಂತಿರುಗದೆ. ಅವನು ಬಂದು ನಿಂತದ್ದು ಗೊತ್ತಾಗಿತ್ತು.

"ಬಟ್ಟೆ ಸಿಗ್ಲಿಲ್ಲ."

"ಚಕ್ರದ್ದು ಅಂದಿದ್ರಿ."

"ನೀವಿನ್ನೂ ಹೂಂ ಅಂದಿರ್ಲಿಲ್ಲ. ಕಟ್ಟಿದ್ರೆ ಒಬ್ಬರ ಎತ್ತರಕ್ಕೇ ಕಟ್ಬೇಕು. ಉಮ್ಮನ ಎತ್ತರಕ್ಕೆ ಕಟ್ಟಿಬಿಟ್ರೆ ನಾಳೆ ನಿಮ್ಮ ಬೆನ್ನಿನ ಗತಿ? ನಿಮ್ಮ ಉತ್ತರ ಬರೋ ತನಕ ಚಕ್ರ ಇರ್ಲಿ ಅಂತ..."

ಜಹೀರಾ ತಿರುಗಿ ಅವನನ್ನು ನೋಡಿದಳು. ಅವನು ಚಕ್ರ ಕೇಳಿದ್ದು ತನಗಾಗಿ. ತಾನು ಬೇಡ ಅಂದದ್ದು ಆ ಚಕ್ರಕ್ಕಾಗಿ.

"ಬೇಡ ಅಂದ್ಮೇಲೂ ಯಾಕೆ ಕಟ್ಟಿಸಿದ್ರಿ?"

"ಕಾರಣ ಏನಂತ ನಿಮ್ಮ ಬಾಪ ಹೇಳಿದ್ರು. ಇನ್ನು ಹೋಗಲ್ಲ, ಬಣಕಲ್‌ನಲ್ಲೇ ವರ್ಕ್‌ಶಾಪ್ ಹಾಕ್ತೀನಿ ಅಂತ ಬಾಯಲ್ಲಿ ಹೇಳಿದ್ರೆ, ರೈಲು ಬಿಡ್ತಾನೆ ಅಂತಿದ್ರಿ." ಅವನು ಕಲ್ಲಿನ ಮೇಲೆ ಅಂಗೈ ಇಟ್ಟ. "ಕಲ್ಲಿಗೆ ರೈಲು ಬಿಡೋಕೆ ಬರಲ್ಲ."

"ಪಾಪ, ರಹೀಮಕ್ಕ ಸ್ಟೂಲು..."

"ಎಲ್ಲಿಯ ಸ್ಟೂಲು?" ಅಡುಗೆಮನೆಯ ಕಿಟಕಿಯಿಂದ ರಹೀಮಾ ಇಣುಕಿದರು. "ಜನ್ಮವೆಲ್ಲ ಒಲೆ ಮುಂದೆ ನಿಂತಿದೀನಿ, ಇನ್ನು ಕೂತು ತಿನ್ನೋಳು. ಅಂಗಡಿಯಲ್ಲಿ ನನ್ನ ಆ್ಯಕ್ಟಿಂಗ್ ಹೆಂಗಿತ್ತು?"

ಎಷ್ಟೋ ದಿನಗಳ ಮೇಲೆ ಜಹೀರಾ ನಕ್ಕಳು. ಕಣ್ಣು ಮಾತ್ರ ತುಂಬಿತ್ತು... ಒಲೆಯಲ್ಲಿ ಹೊಗೆಯೇ ಇರಲಿಲ್ಲ.

"ಎತ್ತರ ಸರಿ ಇದ್ಯಾ?" ಇದ್ರೀಸ್ ಮೆಲ್ಲಗೆ ಕೇಳಿದ.

ಅವಳು ಎದೆಯುಬ್ಬಿಸಿ ಅವನದೇ ದನಿ ತೆಗೆದಳು. "ಇರ್ಲಿ... ಸದ್ಯಕ್ಕೆ."

ಅವನ ಮುಖ ಬಾಡಿತು.

"ಈ ಮಾತು ಇನ್ನು ಯಾವತ್ತೂ ಆಡ್ಬಾರ್ದು," ಎಂದಳು ಸ್ವಂತ ದನಿಯಲ್ಲಿ. "ಬಾಪಂಗೆ ನಾನೇ ಹೇಳ್ತೀನಿ."

"ಏನಂತ?"

ಜಹೀರಾ ಆ ಬಿಳಿ ಗೆರೆಯ ಮೇಲೆ ಬೆರಳಿಟ್ಟಳು. ಅಳಿಸಲಿಲ್ಲ.

"ಅಳತೆ ಕೊಟ್ಟು ಮಾಡಿಸಿದ ಮಾಲು. ವಾಪಸ್ ತಗೊಳ್ಳೋಕಾಗಲ್ಲ ಅಂತ."